ಹರಳಿನ ಗಣವಿಭಾಗ

ಶಾಲೆಯ ವಾರ್ಷಿಕ ಸಂಚಿಕೆಗೆ ಶರಣರ ವಚನಗಳ ಕುರಿತೋ ಹಳಗನ್ನಡ ಕಾವ್ಯಗಳ ಕುರಿತೋ ಬರೆಯುವುದು ನನ್ನ ವಾಡಿಕೆ. ಈ ಸಲ ಹರಳುಗಳ ವಿಷಯವಾಗಿ ಬರೆಯುತ್ತಿರುವುದನ್ನು ಕಂಡು ವಾಚಕಮಹಾಶಯರು ಹುಬ್ಬೇರಿಸಬಹುದು. ಕಾರಣವಿಷ್ಟೆ. ನಮ್ಮ ವಿಜ್ಞಾನದ ಅಧ್ಯಾಪಕರು ಮಕ್ಕಳಿಗಾಗಿ ಸ್ಫಟಿಕವಿಜ್ಞಾನದ ಪಾಠವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತ, ‘ಪ್ರಿಮಿಟಿವ್ ಸೆಲ್’ ಎಂಬುದಕ್ಕೆ ‘ಆದಿಮ ಕೋಶ’ ಎಂದು ಬರೆದು ನನಗೆ ತೋರಿಸಿದರು. ಶಬ್ದವೇನೋ ಶುದ್ಧವೇ, ಆದರೆ ಮಕ್ಕಳ ಕಿವಿಗೆ ಅದು ಗುಹಾವಾಸಿಯಾದ ಮಾನವನನ್ನು ನೆನಪಿಸುತ್ತದೆ. ಅರ್ಥವನ್ನರಿಯದೆ ಶಬ್ದವನ್ನು ತಿದ್ದುವುದು ಪಂಡಿತನಿಗೆ ಭೂಷಣವಲ್ಲ. ಮೊದಲು ಆ ಪದಾರ್ಥವನ್ನೇ ತಿಳಿಸಿಕೊಡಿರೆಂದು ಕೇಳಿಕೊಂಡೆ. ಹೀಗೆ ಎರಡು ವಾರಗಳ ಕಾಲ, ಬಿಡುವಿನ ವೇಳೆಯಲ್ಲಿ, ನನಗಿಂತ ಕಿರಿಯರಾದ ಅವರಿಗೆ ನಾನು ಶಿಷ್ಯನಾದೆ.

ಹರಳಿನಲ್ಲಿ ಪರಮಾಣುಗಳು ಮೂರು ದಿಕ್ಕುಗಳಲ್ಲಿಯೂ ಒಂದೇ ಕ್ರಮದಿಂದ ಮರುಕಳಿಸುತ್ತ ಹೋಗುತ್ತವೆ. ಆ ಮರುಕಳಿಕೆಯ ಸ್ಥಾನಗಳನ್ನು ಮಾತ್ರ ಬಿಂದುಗಳೆಂದು ಭಾವಿಸಿದರೆ ದೊರೆಯುವುದು ಜಾಲಕ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಇಡುವ ರಂಗೋಲಿಯ ಚುಕ್ಕಿಗಳನ್ನು ನೆನೆದುಕೊಂಡರೆ ಸಾಕು. ನೇರ ಚುಕ್ಕಿಯಲ್ಲಿ ನಾಲ್ಕು ಚುಕ್ಕಿಗಳನ್ನು ಕೂಡಿಸಿದ ಚೌಕವನ್ನೇ ಸರಿಸುತ್ತ ಹೋದರೆ ಅಂಗಳವೆಲ್ಲ ತುಂಬುತ್ತದೆ. ಸಂದುಚುಕ್ಕಿಯಲ್ಲಿ ಹಾಗಲ್ಲ, ಒಂದು ಸಾಲಿನ ಎರಡು ಚುಕ್ಕಿಗಳ ನಡುವಣ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬೀಳುತ್ತದೆ. ಅಲ್ಲಿ ನೆಟ್ಟನೆಯ ಆಯತವನ್ನೆಳೆದರೆ ಅದರ ನಟ್ಟನಡುವೆ ಒಂದು ಚುಕ್ಕಿ ಸಿಕ್ಕಿಕೊಳ್ಳುತ್ತದೆ. ಓರೆಯಾದ ಸಮಾಂತರ ಚತುರ್ಭುಜವನ್ನೆಳೆದರೆ ಮೂಲೆಗಳಲ್ಲಿ ಮಾತ್ರ ಚುಕ್ಕಿಗಳು, ಒಳಗೆ ಬರಿದು. ಈ ಓರೆಮನೆಯ ವಿಸ್ತೀರ್ಣ ಆ ಆಯತದ ಅರ್ಧ.

ಮೂಲೆಯ ಚುಕ್ಕಿ ಯಾರ ಸ್ವತ್ತು? ನಾಲ್ಕು ಹೊಲಗಳು ಕೂಡುವೆಡೆಯ ಬಾಂದುಕಲ್ಲು ನಾಲ್ವರಿಗೂ ಸೇರಿದ್ದು, ಒಬ್ಬೊಬ್ಬನಿಗೆ ಕಾಲುಪಾಲು. ನಾಲ್ಕು ಮೂಲೆಗಳ ಕಾಲುಗಳು ಕೂಡಿ ಒಂದಾಯಿತು. ಘನಾಕೃತಿಯಲ್ಲಿ ಮೂಲೆಯ ಬಿಂದುವನ್ನು ಎಂಟು ಮನೆಗಳೂ ಮುಖದ ನಡುವಣ ಬಿಂದುವನ್ನು ಎರಡು ಮನೆಗಳೂ ಹಂಚಿಕೊಳ್ಳುತ್ತವೆ. ಒಂದು ಮನೆಗೆ ಒಂದೇ ಬಿಂದು ದಕ್ಕುವಂತೆ ಮಾಡಿದ ವಿಭಾಗವೇ ಈ ಪ್ರಿಮಿಟಿವ್ ಸೆಲ್ ಎಂದು ತಿಳಿದ ಮೇಲೆ ‘ಏಕಬಿಂದು ಕೋಶ’ವೆನ್ನೋಣವೆಂದೆ. ‘ಮೂಲಕೋಶ’ವಾಗಬಹುದಲ್ಲವೆ ಎಂದು ಅವರು ಕೇಳಿದರು. ಒಂದೇ ಜಾಲಕದಲ್ಲಿ ಇಂಥ ಕೋಶವನ್ನು ಅಸಂಖ್ಯಾತ ರೀತಿಗಳಲ್ಲಿ ಕತ್ತರಿಸಬಹುದು, ಗಾತ್ರವೊಂದು ಮಾತ್ರ ಬದಲಾಗದು ಎಂದು ಹಿಂದಿನ ದಿನ ಅವರೇ ಹೇಳಿದ್ದರು. ಹಾಗಿರುವಾಗ ಯಾವುದನ್ನು ಮೂಲವೆನ್ನುವುದು? ಅವರು ನಕ್ಕು ನನ್ನ ಪದವನ್ನೇ ಬರೆದುಕೊಂಡರು.

ಕತ್ತರಿಸುವ ರೀತಿ ಬೇರೆಯಾದ ಮಾತ್ರಕ್ಕೆ ಜಾಲಕ ಬೇರೆಯಾಗುವುದಿಲ್ಲ. ಫ್ರಾಂಕೆನ್‌ಹೈಮ್ ಎಂಬ ಜರ್ಮನ್ ವಿದ್ವಾಂಸರು 1842ರಲ್ಲಿ ಜಾಲಕಗಳು 15 ಬಗೆ ಎಂದು ಎಣಿಸಿದ್ದರು. ಅವುಗಳಲ್ಲಿ ಎರಡು ಒಂದೇ ಎಂಬುದು ಅವರ ಗಮನಕ್ಕೆ ಬಂದಿರಲಿಲ್ಲ. 1848ರಲ್ಲಿ ಫ್ರಾನ್ಸಿನ ಬ್ರಾವೆ ಅದನ್ನು 14ಕ್ಕೆ ನಿಲ್ಲಿಸಿದರು, ಇಂದಿಗೂ ಅಷ್ಟೇ.

ಅಡುಗೆಮನೆಯ ಉಪ್ಪನ್ನು ನೋಡೋಣ. 1913ರಲ್ಲಿ ಲಾರೆನ್ಸ್ ಬ್ರಾಗ್ ಕ್ಷ-ಕಿರಣಗಳ ನೆರವಿನಿಂದ ಅದರ ಒಳರಚನೆಯನ್ನು ಬಿಡಿಸಿದರು. ವಾಡಿಕೆಯಾಗಿ ತೋರಿಸುವ ಘನದ ಅಂಚು 5.64 ಆಂಗ್‌ಸ್ಟ್ರಾಂ, ಒಂದು ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ಆ ಘನದ ಪಾಲಿಗೆ 4 ಸೋಡಿಯಂ, 4 ಕ್ಲೋರಿನ್. ಏಕಬಿಂದು ಕೋಶವಾದರೋ ಅದರ ಕಾಲುಭಾಗದ ಗಾತ್ರದ್ದು. 60 ಅಂಶದ ಕೋನಗಳುಳ್ಳ ಓರೆಪೆಟ್ಟಿಗೆ. ಅದರ ಪಾಲಿಗೆ ಒಂದೇ ಜೋಡಿ. ಚಿಕ್ಕದಿರುವಾಗ ದೊಡ್ಡದೇಕೆ ಎಂದು ಕೇಳಿದೆ. ಘನದಲ್ಲಿ ಉಪ್ಪಿನ ಸಮಮಿತಿ ಕಣ್ಣಿಗೆ ಕಟ್ಟುತ್ತದೆ, ಓರೆಪೆಟ್ಟಿಗೆಯಲ್ಲಿ ಅದು ಅಡಗಿಹೋಗುತ್ತದೆ ಎಂದರು. ಒಂದರಲ್ಲಿ ಮಿತವ್ಯಯ, ಇನ್ನೊಂದರಲ್ಲಿ ಸೊಬಗು. ಎರಡನ್ನೂ ಬಿಡಲೊಲ್ಲದ ಆ ಶಾಸ್ತ್ರದ ಮೇಲೆ ನನಗೆ ಗೌರವ ಹುಟ್ಟಿತು.

ಇದೆಲ್ಲ ನನಗೆ ತೀರ ಅಪರಿಚಿತವೆನಿಸಲಿಲ್ಲ. ಛಂದಸ್ಸಿನಲ್ಲಿ ನಾವು ಮಾಡುವುದೂ ಇದನ್ನೇ. ಉತ್ಸಾಹ ರಗಳೆಯ ಪಾದವನ್ನು ಆರಾರು ಮಾತ್ರೆಗಳಾಗಿ ಕತ್ತರಿಸಿದರೂ ಲೆಕ್ಕ ತಪ್ಪದು. ಆದರೆ ಅದರ ಲಯದ ಕಿರಿಯ ಅಳತೆ ಮೂರು ಮಾತ್ರೆ. ಭಾಮಿನಿ ಷಟ್ಪದಿಯಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ನಡೆಯುವಾಗ ಮರುಕಳಿಸುವುದು ಮೂರೂ ಅಲ್ಲ, ನಾಲ್ಕೂ ಅಲ್ಲ. ಎರಡೂ ಕೂಡಿದ ಏಳು. ಒಂದು ಗಣವನ್ನು ಬಿಟ್ಟು ಇನ್ನೊಂದರಿಂದಲೇ ಪಾದ ತುಂಬದು.

ವಜ್ರ ಈ ಭಾಮಿನಿಯ ಜಾತಿಯದು. ಅದರಲ್ಲಿರುವುದು ಇಂಗಾಲವೊಂದೇ. ಆದರೂ ಅದರ ಏಕಬಿಂದು ಕೋಶದಲ್ಲಿ ಪರಮಾಣುಗಳು ಎರಡು. ಏಕೆಂದರೆ ಒಂದರ ನಾಲ್ಕು ನೆರೆಗಳು ಯಾವ ದಿಕ್ಕುಗಳಲ್ಲಿವೆಯೋ ಇನ್ನೊಂದರ ನೆರೆಗಳು ಅದಕ್ಕೆ ತಿರುಗುಮುರುಗಾಗಿವೆ. ಬಿಂದು ಬೇರೆ, ಪರಮಾಣು ಬೇರೆ ಎಂಬುದು ನನಗೆ ಮನದಟ್ಟಾದದ್ದು ಇಲ್ಲಿಯೇ.

ಈ ಲೆಕ್ಕವು ಬರಿಯ ಪೆಟ್ಟಿಗೆಗಳ ವಿನೋದವಲ್ಲ. ಅದರ ಮೇಲೆ ನಮ್ಮ ಬೆಂಗಳೂರಿನಲ್ಲಿ ದೊಡ್ಡದೊಂದು ವಾಕ್ಯಾರ್ಥವೇ ನಡೆದಿದೆ. ಹರಳಿನ ಕಂಪನಗಳಿಗೆ ಎಷ್ಟು ಕವಲುಗಳೆಂಬುದು ಏಕಬಿಂದು ಕೋಶದ ಪರಮಾಣುಗಳ ಮೂರರಷ್ಟು, ವಜ್ರಕ್ಕೆ 6. ಪ್ರತಿಯೊಂದು ಕವಲಿನಲ್ಲಿಯೂ ಆವರ್ತಾಂಕಗಳು ಎಡೆಬಿಡದೆ ಹರಡಿಕೊಂಡಿರುತ್ತವೆಂಬುದು ಮ್ಯಾಕ್ಸ್ ಬಾರ್ನರ ಪಕ್ಷ. ಈ ಬಾರ್ನರು 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇರೆಗೇ. 1940ರ ದಶಕದಲ್ಲಿ ರಾಮನ್ನರು ಪ್ರತಿಪಕ್ಷ ಹೂಡಿದರು. ಕೋಶದ ಮೂರು ಅಂಚುಗಳನ್ನೂ ಇಮ್ಮಡಿಸಿ, ಎಂಟು ಮಡಿ ಗಾತ್ರದ ಮಹಾಕೋಶವನ್ನು ಹಿಡಿಯಬೇಕೆಂದರು. ವಜ್ರದಲ್ಲಿ ಅದಕ್ಕೆ 16 ಪರಮಾಣುಗಳು. ಕಂಪನಗಳು ಬಿಡಿಬಿಡಿಯಾದ ಕೆಲವೇ ಆವರ್ತಾಂಕಗಳಲ್ಲಿ ನಡೆಯುತ್ತವೆಂದು ಸಾಧಿಸಹೊರಟರು. ಮುಂದೆ ನ್ಯೂಟ್ರಾನುಗಳನ್ನು ಹರಳುಗಳ ಮೂಲಕ ಹಾಯಿಸಿ ಕಂಪನಗಳನ್ನು ಅಳೆದಾಗ ಬಾರ್ನರ ಪಕ್ಷವೇ ನಿಂತಿತು. ಅತಿಥಿಯಾಗಿ ಬಂದವರೊಡನೆ ಇಂಥ ಕಲಹವೇಕೆಂದು ಕೆಲವರು ಕೇಳುವುದುಂಟು. ವಿದ್ವತ್ಸಭೆಯಲ್ಲಿ ಕುಳಿತವರಿಗೆ ಇದು ಹೊಸದಲ್ಲ. ವಿನೋದವೆಂದರೆ, ರಾಮನ್ನರ ಹೆಸರನ್ನೇ ಹೊತ್ತ ಪರಿಣಾಮದಲ್ಲಿ ವಜ್ರವು ತೋರುವ ಪ್ರಧಾನರೇಖೆ, ಸೆಂಟಿಮೀಟರಿಗೆ 1332 ಅಲೆಗಳ ಲೆಕ್ಕದ್ದು, ಹುಟ್ಟುವುದು ಆ ಪುಟ್ಟ ಏಕಬಿಂದು ಕೋಶದ ಎರಡು ಪರಮಾಣುಗಳು ಒಂದಕ್ಕೊಂದು ಎದುರಾಗಿ ತೂಗುವುದರಿಂದಲೇ.