ಹೊಲವೂ ಹಟ್ಟಿಯೂ

ಮುನಿರಾಬಾದಿನ ಅಣೆಕಟ್ಟಿನಿಂದ ಹೊರಡುವ ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯ ಸೀಮೆಯನ್ನು ಹಾದು ಸಿಂಧನೂರಿನತ್ತ ಸಾಗುತ್ತದೆ. ಕಾಲುವೆಯ ಕೆಳಗಡೆ ಕಣ್ಣು ಹರಿಯುವವರೆಗೂ ಭತ್ತದ ಹಸಿರು. ಕಾಲುವೆಯನ್ನು ದಾಟಿ ಉತ್ತರಕ್ಕೆ ಕೆಲವು ಹರದಾರಿ ನಡೆದರೆ ನೋಟವೇ ಬೇರೆ. ಕಲ್ಲುಗುಡ್ಡಗಳು, ಕೆಂಪು ಮಸಾರಿ ನೆಲ, ಜಾಲಿಯ ನೆರಳಿನಲ್ಲಿ ಕುರಿಮಂದೆ; ಯಲಬುರ್ಗಾದ ಕಡೆಗೆ ತಿರುಗಿದರೆ ಕಪ್ಪು ಎರೆಹೊಲ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದರಲ್ಲಿ ಸೇರಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ಒಂದೇ ಮನೆಯ ಮಕ್ಕಳಾದರೂ ಸ್ವಭಾವದಲ್ಲಿ ಒಂದನ್ನೊಂದು ಹೋಲುವುದಿಲ್ಲ. ಆದರೆ ನಾಲ್ಕಕ್ಕೂ ಒಂದು ಹಳೆಯ ಪ್ರಶ್ನೆ ಸಮಾನವಾಗಿದೆ: ಇರುವ ನೆಲದಲ್ಲಿ ಬೆಳೆಗೆಷ್ಟು, ದನಕ್ಕೆಷ್ಟು?

ಈ ಪ್ರಶ್ನೆ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ ದೂರವಿಲ್ಲ. ಆನೆಗೊಂದಿಯ ಎದುರಿಗೆ, ನದಿಯ ಆಚೆ ದಂಡೆಯಲ್ಲಿ, ನಿಂಬಾಪುರದ ಬಳಿ ಒಂದು ಬೂದಿದಿಬ್ಬವಿದೆ. ಅದು ವಾಲಿಯ ಚಿತೆಯ ಬೂದಿಯೆಂದು ಜನರ ನಂಬಿಕೆ. ಬಳ್ಳಾರಿಯ ಸಮೀಪದ ಕುಡತಿನಿಯಲ್ಲಿಯೂ ಅಂಥದೇ ದಿಬ್ಬವುಂಟು. ಇವು ನವಶಿಲಾಯುಗದ ದನಗಾಹಿಗಳ ಹಟ್ಟಿಗಳಲ್ಲಿ ರಾಶಿಯಾಗಿ ಬಿದ್ದ ಸಗಣಿ ಸುಟ್ಟು ಉಳಿದ ಬೂದಿಯೆಂದು ಪುರಾತತ್ತ್ವಜ್ಞರು ತಿಳಿಸಿದ್ದಾರೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿಯ ಜನ ದನಗಳನ್ನು ಕಟ್ಟಿ ಸಾಕುತ್ತಿದ್ದರು. ಹುರುಳಿಯನ್ನೂ ಕಿರುಧಾನ್ಯಗಳನ್ನೂ ಬೆಳೆಯುತ್ತಿದ್ದರು.

ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಬೇಸಾಯದಲ್ಲಿ ಹೊಲ ಹಟ್ಟಿಗಳ ನಂಟು ಬಹುಕಾಲ ಗಟ್ಟಿಯಾಗಿ ಉಳಿಯಿತು. ಮಸಾರಿಯಲ್ಲಿ ಮುಂಗಾರಿನ ಸಜ್ಜೆ. ಎರೆಯಲ್ಲಿ ಹಿಂಗಾರಿನ ಬಿಳಿಜೋಳ, ಕಡಲೆ, ಕುಸುಬೆ. ಎರೆಮಣ್ಣು ಮಳೆಯ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ, ಮಳೆ ನಿಂತ ಮೇಲೂ ಜೋಳ ಆ ತೇವದಲ್ಲಿಯೇ ಬೆಳೆಯುತ್ತದೆ. ತೆನೆ ಮನುಷ್ಯನಿಗೆ, ದಂಟು ದನಕ್ಕೆ. ಜೋಳದ ಕಣಿಕೆಯ ಬಣವೆ ಎತ್ತುಗಳ ಬೇಸಗೆಯನ್ನು ಕಳೆಯುತ್ತಿತ್ತು. ಎತ್ತು ಕುಂಟೆ ಕೂರಿಗೆಗಳನ್ನು ಎಳೆಯುತ್ತಿತ್ತು. ಅದರ ಸಗಣಿ ತಿಪ್ಪೆಯಲ್ಲಿ ಕೊಳೆತು ಮತ್ತೆ ಹೊಲವನ್ನು ಸೇರುತ್ತಿತ್ತು. ಒಂದರ ಉಚ್ಛಿಷ್ಟ ಇನ್ನೊಂದರ ಊಟ. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನಿಂದಲೇ ಎತ್ತನ್ನು ಮಾಡಿ ಪೂಜಿಸುವ ಜನ ಈ ಸಂಬಂಧವನ್ನು ಚೆನ್ನಾಗಿ ಅರಿತಿದ್ದರು.

ಊರಿಗೊಂದು ಗಾಯರಾಣವಿರುತ್ತಿತ್ತು. ಅದು ಯಾರೊಬ್ಬರ ಸ್ವತ್ತೂ ಅಲ್ಲದ, ಎಲ್ಲರ ದನಗಳೂ ಮೇಯುವ ನೆಲ. ಅಂಗೈಯಗಲ ಹೊಲವಿಲ್ಲದವನೂ ಅದರ ಆಸರೆಯಿಂದ ಒಂದು ಆಕಳನ್ನೋ ಎರಡು ಮೇಕೆಗಳನ್ನೋ ಸಾಕಬಲ್ಲವನಾಗಿದ್ದನು. ಗಂಗಾವತಿ, ಲಿಂಗಸುಗೂರುಗಳ ಗುಡ್ಡಸೀಮೆಯಲ್ಲಿ ಮೇಯುವ ಕೆಂಗುರಿ ತಳಿಯ ಕುರಿಗಳಿಗೂ ಬಯಲು ಬೇಕು. ಬಯಲಿನಲ್ಲಿ ಮೇವು ತೀರಿದಾಗ ಕುರುಬರು ಮಂದೆಯೊಡನೆ ನೀರಾವರಿ ಸೀಮೆಗೆ ಇಳಿಯುತ್ತಾರೆ. ಕೊಯಿಲಾದ ಗದ್ದೆಯಲ್ಲಿ ಕುರಿಗಳು ಮೇಯುತ್ತವೆ. ರಾತ್ರಿ ಅಲ್ಲಿಯೇ ತಂಗಿ ಗೊಬ್ಬರವನ್ನು ಬಿಟ್ಟುಹೋಗುತ್ತವೆ. ಗದ್ದೆಯವನು ಅದಕ್ಕೆ ಕಾಳನ್ನೋ ಹಣವನ್ನೋ ಕೊಡುತ್ತಾನೆ.

1953ರಲ್ಲಿ ತುಂಗಭದ್ರೆಯ ನೀರು ಅಣೆಕಟ್ಟಿನ ಹಿಂದೆ ನಿಂತಿತು. ಆನೆಗೊಂದಿಯ ಸುತ್ತಮುತ್ತ ವಿಜಯನಗರದ ಅರಸರ ಕಾಲುವೆಗಳು ಮೊದಲೇ ಇದ್ದರೂ, ಇಷ್ಟು ವಿಸ್ತಾರವಾದ ನೆಲಕ್ಕೆ ನೀರು ಬಂದುದು ಆಗಲೇ. ಬರದಲ್ಲಿ ಬೆಂದಿದ್ದ ಗಂಗಾವತಿ ಭತ್ತದ ಕಣಜವೆನಿಸಿತು. ಈ ಉಪಕಾರ ಸಣ್ಣದಲ್ಲ. ಆದರೆ ನೀರು ಕೊಟ್ಟ ಕೈಯೇ ಲೆಕ್ಕವನ್ನೂ ಕೇಳಿತು. ಮಿತಿಮೀರಿ ನೀರು ಹರಿದ ಕಡೆ ನೆಲ ಸವಳಾಯಿತು, ಜವಳಾಯಿತು. ಮೊದಲು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿದುದರಿಂದ ಈಗ ಸುಮಾರು 105 ಟಿ.ಎಂ.ಸಿ. ಮಾತ್ರ ಹಿಡಿಯುತ್ತದೆ. ಟ್ರ್ಯಾಕ್ಟರು ಬಂದಿತು, ಎತ್ತು ಹೋಯಿತು. ಎತ್ತಿಲ್ಲದ ಮನೆಗೆ ಹುಲ್ಲು ಭಾರವಾಯಿತು. ಕೊಯಿಲಿನ ಯಂತ್ರ ಚೆಲ್ಲಿಹೋದ ಹುಲ್ಲಿಗೆ ಎಷ್ಟೋ ಕಡೆ ಬೆಂಕಿ ಬೀಳುತ್ತದೆ.

ಒಣಭೂಮಿಯ ಊರುಗಳಲ್ಲಿಯೂ ಈಗ ಅದೇ ಕಾಲ. ಯಲಬುರ್ಗಾ ಸೀಮೆಯ ಒಬ್ಬ ರೈತನ ಮನೆಯನ್ನು ಊಹಿಸಿಕೊಳ್ಳಬಹುದು. ಸಂಜೆ ಕಟ್ಟೆಯ ಮೇಲೆ ಕುಳಿತ ಮಗ ಹೇಳುತ್ತಾನೆ:

“ಎತ್ತು ಮಾರಿಬಿಡೂಣು ಯಪ್ಪಾ. ದುಡಿಯೋದು ನಾಕು ತಿಂಗಳು, ಮೇಯೋದು ವರ್ಷಪೂರ್ತಿ. ಬಾಡಿಗಿ ಟ್ರ್ಯಾಕ್ಟರ್ ಒಂದ ದಿನದಾಗ ಹೊಲ ಹರಗತೈತಿ.”

“ಹರಗತೈತಿ, ಖರೆ,” ಎನ್ನುತ್ತಾನೆ ತಂದೆ. “ತಿಪ್ಪಿ ತುಂಬೋರು ಯಾರಪಾ?”

ಮಗನ ಬಳಿ ಇದಕ್ಕೆ ಉತ್ತರವಿಲ್ಲ. ಆದರೆ ಮಗನ ಲೆಕ್ಕಕ್ಕೂ ತಂದೆಯ ಬಳಿ ಉತ್ತರವಿಲ್ಲ. ಗಾಯರಾಣ ಒತ್ತುವರಿಯಿಂದ ಕಿರಿದಾಗಿದೆ. ದನ ಕಾಯುವ ಹುಡುಗ ಶಾಲೆಗೆ ಹೋಗುತ್ತಾನೆ, ಹೋಗಲೇಬೇಕು. ಜೋಳವಿದ್ದ ಹೊಲದಲ್ಲಿ ಪೇಟೆಗೆ ಹೋಗುವ ಬೆಳೆ ನಿಂತಿದೆ. ಮೇವನ್ನು ಕೊಂಡು ತರುವುದಾದರೆ ಎತ್ತು ಸಾಕುವುದು ಹೇಗೆ? ಎತ್ತನ್ನು ಮಾರಿದರೆ, ವರ್ಷ ವರ್ಷಕ್ಕೂ ಬಡವಾಗುವ ಮಣ್ಣಿಗೆ ಸತ್ತ್ವ ಬರುವುದು ಎಲ್ಲಿಂದ? ಚೀಲದ ಗೊಬ್ಬರ ಪೈರನ್ನು ಬೆಳೆಸೀತು. ಮಣ್ಣನ್ನು ಮಿದುವಾಗಿಡುವ, ತೇವವನ್ನು ಹಿಡಿದಿಡುವ ಕೊಟ್ಟಿಗೆ ಗೊಬ್ಬರದ ಕೆಲಸ ಅದರಿಂದಾಗದು.

ತಂದೆ ಮಕ್ಕಳಿಬ್ಬರೇ ಬಗೆಹರಿಸಬಹುದಾದ ವ್ಯಾಜ್ಯವಲ್ಲ ಇದು. ಬರದ ವರ್ಷ ಕಾಲುವೆ ಸೀಮೆಯ ಹುಲ್ಲು ಲಾರಿ ಏರಿ ಮೇಲಿನ ಊರುಗಳ ದನಗಳನ್ನು ಉಳಿಸುತ್ತದೆ. ಮೇಲಿನ ಊರುಗಳ ಕುರಿ ಇಳಿದು ಬಂದು ಕೆಳಗಿನ ಗದ್ದೆಗೆ ಗೊಬ್ಬರ ಕೊಡುತ್ತದೆ. ಹುಲ್ಲನ್ನು ಸುಡದೆ ಕೂಡಿಟ್ಟರೆ, ಉಳಿದ ಗಾಯರಾಣವನ್ನು ಊರೇ ನಿಂತು ಕಾಯ್ದರೆ, ಬದುವಿನ ಮೇಲೆ ನಾಲ್ಕು ಸಾಲು ಮೇವು ಬೆಳೆದರೆ, ಹರಿದ ನಂಟು ಮತ್ತೆ ಕೂಡೀತು. ಬೂದಿದಿಬ್ಬದ ಕಾಲದ ದನಗಾಹಿಗೆ ನೆಲದ ಕೊರತೆ ಇರಲಿಲ್ಲ. ಅವನು ರಾಶಿ ರಾಶಿ ಸಗಣಿಯನ್ನು ಸುಟ್ಟರೂ ನಡೆಯಿತು. ಇಂದಿನ ರೈತನಿಗೆ ಒಂದು ಬುಟ್ಟಿ ಗೊಬ್ಬರವನ್ನೂ ಒಂದು ಹೊರೆ ಹುಲ್ಲನ್ನೂ ಕಳೆದುಕೊಳ್ಳುವಷ್ಟು ನೆಲ ಉಳಿದಿಲ್ಲ.