ಓಡಿದ ಕಾರಿನ ಪರವಾಗಿ

ಹಳೆಯ ಕಾರು ಕೊಳ್ಳಲು ಹೋದವರ ಬಾಯಿಂದ ಮೊದಲು ಬರುವ ಮಾತು ‘ಎಷ್ಟು ಓಡಿದೆ?’ ಎಂಬುದು. ಸಂಸಾರದ ಕಾರಿಗೆ ಈ ಪ್ರಶ್ನೆ ಸಲ್ಲುತ್ತದೆ. ಸ್ಪೋರ್ಟ್ಸ್ ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಅದು ಮಡಿಯ ಮಟ್ಟಕ್ಕೆ ಏರಿಬಿಟ್ಟಿದೆ. ಹತ್ತು ವರ್ಷದಲ್ಲಿ ಐದು ಸಾವಿರ ಕಿಲೋಮೀಟರ್ ಓಡಿದ್ದಕ್ಕೆ ಮಾರುಕಟ್ಟೆಯಲ್ಲಿ ಮರ್ಯಾದೆ, ಲಕ್ಷ ದಾಟಿದ್ದಕ್ಕೆ ಅನುಮಾನ. ಹೀಗಾಗಿ ಆಸೆಪಟ್ಟು ಕೊಂಡವರೇ ಮೀಟರ್ ನೋಡುತ್ತ ಓಡಿಸುವುದನ್ನು ಕಡಿಮೆ ಮಾಡುತ್ತಾರೆ, ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ದಾರಿಯಲ್ಲಿ ಒಂದು ಸುತ್ತು ಹೋಗಿಬಂದು ಹೊದಿಕೆ ಎಳೆದುಬಿಡುತ್ತಾರೆ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಓಡಿಸುವ ಸುಖಕ್ಕೆಂದೇ ಮಾಡಿದ ಯಂತ್ರವನ್ನು ನಿಲ್ಲಿಸಿಟ್ಟರೆ ಅದು ಉಳಿಯುವುದಿಲ್ಲ. ಸವೆಯುವ ಬದಲು ಕೊಳೆಯುತ್ತದೆ, ಅಷ್ಟೆ. ನೋಡಿಕೊಂಡು ಓಡಿಸಿದ್ದರ ಮೀಟರಿನಲ್ಲಿ ಏರಿರುವ ಅಂಕಿ ನಷ್ಟದ ಲೆಕ್ಕವಲ್ಲ, ಆರೈಕೆಯ ದಾಖಲೆ.

ಇದಕ್ಕೆ ಜಗತ್ತಿನಲ್ಲೇ ದೊಡ್ಡ ಸಾಕ್ಷಿ ಇರುವುದು ಅಮೆರಿಕದಲ್ಲಿ. 1966ರ ಜೂನ್‌ನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ವಿಜ್ಞಾನದ ಮೇಷ್ಟರು ಇರ್ವ್ ಗೋರ್ಡನ್ ಕೆಂಪು ಬಣ್ಣದ ವೋಲ್ವೊ 1800 ಎಸ್ ಕೊಂಡರು. ಉದ್ದ ಮೂತಿಯ, ಎರಡು ಬಾಗಿಲಿನ ಕಾರು. ‘ದಿ ಸೇಂಟ್’ ಎಂಬ ಟಿವಿ ಸರಣಿಯಲ್ಲಿ ರೋಜರ್ ಮೂರ್ ಓಡಿಸುತ್ತಿದ್ದ ಮಾದರಿ ಅದೇ. ಗೋರ್ಡನ್ ಅದನ್ನು ಶೋಕಿಗೆ ಇಟ್ಟುಕೊಳ್ಳಲಿಲ್ಲ, ಕೆಲಸಕ್ಕೆ ಹೋಗಿಬರಲು ಇಟ್ಟುಕೊಂಡರು. ಹೋಗಿ ಬರುವ ದಾರಿ ದಿನಕ್ಕೆ 125 ಮೈಲಿ, ಅಂದರೆ ಸುಮಾರು 200 ಕಿ.ಮೀ. 1987ರಲ್ಲಿ ಹತ್ತು ಲಕ್ಷ ಮೈಲಿ ಆಯಿತು, 2002ರಲ್ಲಿ ಇಪ್ಪತ್ತು ಲಕ್ಷ. 2013ರ ಸೆಪ್ಟೆಂಬರಿನಲ್ಲಿ ಅಲಾಸ್ಕಾದ ಹೆದ್ದಾರಿಯಲ್ಲಿ ಮೂವತ್ತು ಲಕ್ಷ ಮೈಲಿ ತುಂಬಿತು. ಕಿಲೋಮೀಟರಿನಲ್ಲಿ ಹೇಳಿದರೆ 48 ಲಕ್ಷ. ಭೂಮಧ್ಯರೇಖೆಯ ಗುಂಟ ಭೂಮಿಗೆ 120 ಸುತ್ತು. ಒಬ್ಬನೇ ಮಾಲೀಕ ಖಾಸಗಿಯಾಗಿ ಇಷ್ಟು ಓಡಿಸಿದ ಕಾರು ಬೇರೊಂದಿಲ್ಲವೆಂದು ಗಿನ್ನೆಸ್ ದಾಖಲಿಸಿದೆ. ಇಂಜಿನ್ನನ್ನು ಮೊದಲ ಬಾರಿಗೆ ಬಿಚ್ಚಿ ಕಟ್ಟಿಸಿದ್ದು 6,80,000 ಮೈಲಿ ಕಳೆದ ಮೇಲೆ. 2018ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕಾರನ್ನು ಬಿಡಲಿಲ್ಲ. ಇಷ್ಟಕ್ಕೆ ಅವರು ಹೇಳುತ್ತಿದ್ದ ಗುಟ್ಟು ತೀರಾ ಸರಳ: ಕಂಪನಿಯ ಕೈಪಿಡಿ ಹೇಳಿದಂತೆ ನಡೆಯುವುದು, ಮೂರು ಮೂರೂವರೆ ಸಾವಿರ ಮೈಲಿಗೊಮ್ಮೆ ತಪ್ಪದೆ ಆಯಿಲ್ ಬದಲಿಸುವುದು, ಏನಾದರೂ ಬೇರೆ ಸದ್ದು ಕೇಳಿದರೆ ಅಂದೇ ನೋಡಿಸುವುದು.

ಉಳಿದ ಒಂದನ್ನು ತೋರಿಸಿ ಗುಜರಿಗೆ ಹೋದ ಸಾವಿರವನ್ನು ಮರೆಸುತ್ತಿದ್ದೀರಿ ಎಂದು ಯಾರಾದರೂ ಆಕ್ಷೇಪಿಸಬಹುದು. ನ್ಯಾಯವಾದ ಆಕ್ಷೇಪ. ಒಂದು ಕಾರಿನಿಂದ ನಿಯಮ ಹುಟ್ಟುವುದಿಲ್ಲ. ಅದು ಯಾಕೆ ಉಳಿಯಿತು ಎಂಬುದರಿಂದ ಹುಟ್ಟಬಹುದು. ವೋಲ್ವೊದ ಆ 1.8 ಲೀಟರ್ ಇಂಜಿನ್ನಿನ ಎರಕದ ಕಬ್ಬಿಣದ ಬ್ಲಾಕಿನಲ್ಲಿ ಕ್ರ್ಯಾಂಕ್‌ಶಾಫ್ಟಿಗೆ ಐದು ಮುಖ್ಯ ಬೇರಿಂಗುಗಳ ಆಸರೆ ಇದೆ. ಆ ಕಾಲದ ನಾಲ್ಕು ಸಿಲಿಂಡರಿನ ಎಷ್ಟೋ ಇಂಜಿನ್ನುಗಳಿಗೆ ಮೂರೇ ಇರುತ್ತಿದ್ದವು. ಅದಕ್ಕಿಂತ ಮುಖ್ಯವಾದದ್ದು ಓಡಿಸಿದ ರೀತಿ. ದಿನಾ ಬೆಳಿಗ್ಗೆ ಒಂದು ಸಲ ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಿ, ಚೆನ್ನಾಗಿ ಬಿಸಿಯೇರಿ, ನೂರು ಕಿಲೋಮೀಟರ್ ಒಂದೇ ಹದದಲ್ಲಿ ಓಡುತ್ತಿತ್ತು. ಇಂಜಿನ್ನಿಗೆ ಇದಕ್ಕಿಂತ ಒಳ್ಳೆಯ ಬದುಕಿಲ್ಲ. ವೋಲ್ವೊ ದೂರಪ್ರಯಾಣದ ಕಾರು, ನಿಜವಾದ ಸ್ಪೋರ್ಟ್ಸ್ ಕಾರು ನಾಜೂಕಿನದು ಎಂಬ ಮಾತೂ ಬರುತ್ತದೆ. ಹೋಂಡಾ 1990ರಲ್ಲಿ ಹೊರತಂದ ಎನ್‌ಎಸ್‌ಎಕ್ಸ್ ಇದಕ್ಕೆ ಉತ್ತರ. ಅಲ್ಯೂಮಿನಿಯಂ ಬಾಡಿ, ಟೈಟಾನಿಯಂ ಕನೆಕ್ಟಿಂಗ್ ರಾಡ್, ನಿಮಿಷಕ್ಕೆ ಎಂಟು ಸಾವಿರ ಸುತ್ತು ತಿರುಗುವ ಇಂಜಿನ್. ಹಾಗಿದ್ದೂ ದಿನವೂ ಆಫೀಸಿಗೆ ಒಯ್ಯಬಹುದಾದ ಕಾರು. ಮೆಕ್‌ಲಾರೆನ್ ಎಫ್1 ರೂಪಿಸಿದ ಗಾರ್ಡನ್ ಮರ್ರಿ ಇದನ್ನೇ ತಮ್ಮ ಒರೆಗಲ್ಲಾಗಿ ಇಟ್ಟುಕೊಂಡಿದ್ದರು, ತಾವೂ ವರ್ಷಗಟ್ಟಲೆ ಓಡಿಸಿದರು. ಮಾಜ್ದಾದ ಎಂಎಕ್ಸ್-5 ಇನ್ನೂ ಬಡವರ ಬಂಧು: 1989ರ ಮೊದಲ ಮಾದರಿಯ ಇಂಜಿನ್ ಕಂಪನಿಯ ಸಾಧಾರಣ ಸಂಸಾರದ ಕಾರಿನ ವಂಶದ್ದು, ಟೈಮಿಂಗ್ ಬೆಲ್ಟ್ ತುಂಡಾದರೂ ವಾಲ್ವು ಪಿಸ್ಟನ್ನಿಗೆ ತಾಗದಂತೆ ಮಾಡಿದ್ದು. ನಾಜೂಕು ಎನ್ನುವುದು ಸ್ಪೋರ್ಟ್ಸ್ ಕಾರಿನ ಹುಟ್ಟುಗುಣವಲ್ಲ.

ಇನ್ನು ನಿಂತ ಕಾರಿನ ಒಳಗೆ ಏನಾಗುತ್ತದೆ ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಇಂಜಿನ್ ಕಾದಿದ್ದರೆ ಅದು ಸೈಲೆನ್ಸರಿನ ದಾರಿ ಹಿಡಿದು ಹೊರಗೆ ಹೋಗುತ್ತದೆ. ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಒಂದು ಪಾಲು ಸೈಲೆನ್ಸರಿನಲ್ಲೇ ನಿಂತು ತುಕ್ಕು ಹಿಡಿಸುತ್ತದೆ, ಇನ್ನೊಂದು ಪಾಲು ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಟೆಂಪರೇಚರ್ ಮುಳ್ಳು ನಡುವಿಗೆ ಬಂತೆಂದರೆ ಕಾದಿರುವುದು ರೇಡಿಯೇಟರಿನ ನೀರು, ಆಯಿಲ್ ಕಾಯಲು ಇನ್ನೂ ಹೊತ್ತು ಬೇಕು. ‘ವಾರಕ್ಕೊಮ್ಮೆ ನಿಂತಲ್ಲೇ ಸ್ಟಾರ್ಟ್ ಮಾಡಿಡುತ್ತೇನೆ’ ಎನ್ನುವವರು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತಿರುತ್ತಾರೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕಾರು ಓಡಿದರೂ ಓಡದಿದ್ದರೂ. ಎಥೆನಾಲ್ ಬೆರೆತ ಪೆಟ್ರೋಲಿಗೂ ಅದೇ ಚಾಳಿ. ಟೈರಿನ ಪಕ್ಕೆಯಲ್ಲಿ ನಾಲ್ಕಂಕಿಯ ಒಂದು ಅಚ್ಚಿರುತ್ತದೆ. 2316 ಎಂದಿದ್ದರೆ 2016ರ 23ನೇ ವಾರ ತಯಾರಾದದ್ದು. ಮೂರು ಸಾವಿರವೇ ಓಡಿದ ಕಾರಿನ ಟೈರಿನ ಗೀರುಗಳು ಹೊಸದರಂತೆ ಆಳವಾಗಿಯೇ ಇರುತ್ತವೆ, ಆದರೆ ಬಗ್ಗಿ ನೋಡಿದರೆ ಗೀರುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ, ಉಗುರಿನಿಂದ ಒತ್ತಿದರೆ ರಬ್ಬರು ಸೆಟೆದಿರುತ್ತದೆ. ಅಂಥ ಟೈರು ಮಳೆಯ ತಿರುವಿನಲ್ಲಿ ರಸ್ತೆ ಹಿಡಿಯುವುದಿಲ್ಲ. ಫೆರಾರಿ ಎಫ್355ರ ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಇಂಜಿನ್ನನ್ನೇ ಕೆಳಗಿಳಿಸಬೇಕು. ಆ ಬೆಲ್ಟಿಗೆ ಕಿಲೋಮೀಟರಿನ ಗಡುವು ಇದ್ದಂತೆ ವರ್ಷದ ಗಡುವೂ ಇದೆ. ಓಡಿಸದೆ ಉಳಿಸಿದವರೂ ಆ ಬಿಲ್ಲು ಕಟ್ಟಲೇಬೇಕು. ಅವರಿಗೆ ಸಿಗದೆ ಹೋಗುವುದು ಓಡಿಸಿದ ಸುಖ ಮಾತ್ರ.

ಹೆಚ್ಚು ಓಡಿಸುವುದರಿಂದ ಯಂತ್ರಕ್ಕಲ್ಲದೆ ಮಾಲೀಕನಿಗೂ ಆಗುವ ಲಾಭ ಇನ್ನೂ ದೊಡ್ಡದು. ದಿನಾ ಓಡಿಸುವವರ ಕಿವಿಗೆ ವೀಲ್ ಬೇರಿಂಗಿನ ಗುಂಯ್ ಎನ್ನುವ ಸದ್ದು ಅದು ಶುರುವಾದ ವಾರವೇ ಬೀಳುತ್ತದೆ. ಬ್ರೇಕ್ ಪೆಡಲ್ ನಿನ್ನೆಗಿಂತ ತುಸು ಆಳಕ್ಕೆ ಹೋದದ್ದು ಪಾದಕ್ಕೆ ತಿಳಿಯುತ್ತದೆ. ವರ್ಷಕ್ಕೆ ನಾಲ್ಕು ಸಲ ಕೂರುವವರಿಗೆ ಹೋಲಿಸಿ ನೋಡಲು ‘ನಿನ್ನೆ’ ಎಂಬುದೇ ಇರುವುದಿಲ್ಲ, ಎಲ್ಲವೂ ಸರಿಯಾಗಿದೆ ಎಂದೇ ಅವರಿಗೆ ತೋರುತ್ತದೆ. ನಿತ್ಯ ಓಡಿಸಿದರೆ ಸ್ಪೋರ್ಟ್ಸ್ ಕಾರಿನ ರುಚಿ ಕೆಡುತ್ತದೆ, ಅಪರೂಪಕ್ಕೆ ಓಡಿಸಿದರೇ ಚೆಂದ ಎನ್ನುವವರಿದ್ದಾರೆ. ಅಪರೂಪಕ್ಕೆ ಸಿಗುವುದು ಹುಮ್ಮಸ್ಸು. ತಿರುವಿನ ಮೊದಲು ಗೇರ್ ಇಳಿಸುವಾಗ ಎಷ್ಟು ಆ್ಯಕ್ಸಿಲರೇಟರ್ ಒತ್ತಿದರೆ ಜರ್ಕ್ ಹೊಡೆಯದು, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರುವ ಮುಂಚೆ ಸ್ಟಿಯರಿಂಗ್ ಹೇಗೆ ಹಗುರಾಗುತ್ತದೆ ಎಂಬುದೆಲ್ಲ ಕೈಗೂಡಲು ಸಾವಿರಾರು ಕಿಲೋಮೀಟರ್ ಬೇಕು. ಚೆನ್ನಾಗಿ ಓಡಿದ ಕಾರಿನ ಡ್ರೈವರ್ ಸೀಟನ್ನು ಗಮನಿಸಿ: ಬಾಗಿಲ ಕಡೆಯ ಅಂಚಿನ ಲೆದರು ಹತ್ತಿಳಿದ ತಿಕ್ಕಾಟಕ್ಕೆ ಸುಕ್ಕಾಗಿ ಬಣ್ಣ ಬಿಟ್ಟಿರುತ್ತದೆ, ಗೇರ್ ನಾಬಿನ ಮೇಲಿನ ಅಂಕಿಗಳು ಅಂಗೈಗೆ ಸಿಕ್ಕು ಅರ್ಧ ಅಳಿಸಿರುತ್ತವೆ. ಇವು ಯಾವ ಕಾರಣಕ್ಕೂ ಬೆಲೆ ತಗ್ಗಿಸುವ ಕುಂದುಗಳಾಗಬಾರದಿತ್ತು.

ಆದರೆ ಬೆಲೆ ತಗ್ಗುತ್ತದೆ, ಇದನ್ನು ಮುಚ್ಚಿಡಲಾಗದು. 2021ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಹರಾಜಿನಲ್ಲಿ ಬರೀ 390 ಕಿ.ಮೀ. ಓಡಿದ್ದ ಮೆಕ್‌ಲಾರೆನ್ ಎಫ್1 ಎರಡು ಕೋಟಿ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಇನ್ನೊಂದು ಎಫ್1ನ ಕತೆಯನ್ನೂ ಪಕ್ಕದಲ್ಲಿಡಬೇಕು. ನಟ ರೋವನ್ ಆಟ್ಕಿನ್ಸನ್ 1997ರಲ್ಲಿ ಕೊಂಡದ್ದನ್ನು ಅಂಗಡಿ, ಶಾಲೆ ಎನ್ನದೆ 41,000 ಮೈಲಿ ಓಡಿಸಿದರು, ಎರಡು ಸಲ ಅಪಘಾತವಾಗಿ ರಿಪೇರಿಯೂ ಆಯಿತು. 2015ರಲ್ಲಿ ಅದು ಸುಮಾರು 80 ಲಕ್ಷ ಪೌಂಡಿಗೆ ಹೋಯಿತು, ಕೊಂಡ ಬೆಲೆಯ ಹತ್ತು ಪಟ್ಟಿಗೂ ಮೇಲೆ. ಒಟ್ಟು 106 ಮಾತ್ರ ತಯಾರಾದ ಕಾರಾದ್ದರಿಂದ ಇದು ಎಲ್ಲರಿಗೂ ಅನ್ವಯಿಸದು, ನಿಜ. ಸಾಮಾನ್ಯ ಮಾಲೀಕರಿಗೆ ಬೇರೆ ಲೆಕ್ಕವಿದೆ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಸೆಸ್ ಬೇರೆ. ಕೋಟಿ ರೂಪಾಯಿಯ ಕಾರಿಗೆ 18 ಲಕ್ಷ, ಅದೂ ನೋಂದಣಿಯ ದಿನವೇ. ಹತ್ತು ವರ್ಷದಲ್ಲಿ ಐದು ಸಾವಿರ ಕಿಲೋಮೀಟರ್ ಓಡಿಸಿದರೆ ತೆರಿಗೆಯೊಂದೇ ಕಿಲೋಮೀಟರಿಗೆ 360 ರೂಪಾಯಿ ಬಿತ್ತು. ಒಂದು ಲಕ್ಷ ಓಡಿಸಿದರೆ 18 ರೂಪಾಯಿ. ಪ್ರತಿವರ್ಷದ ವಿಮೆಯೂ ಇದೇ ಜಾತಿಯದು. ಮುಂದೆ ಕೊಳ್ಳಲಿರುವ ಅಪರಿಚಿತನಿಗೆಂದು ನಾಲ್ಕು ಕಾಸು ಉಳಿಸಲು ಹೋಗಿ, ತಾನು ಈಗಾಗಲೇ ತೆತ್ತ ಹಣವನ್ನು ಅನುಭವಿಸದೆ ಬಿಡುವುದರಲ್ಲಿ ಯಾವ ಜಾಣತನವೂ ನನಗೆ ಕಾಣುವುದಿಲ್ಲ.

ಪೆಟ್ರೋಲ್ ಸುಡುವ ವಿಚಾರದಲ್ಲಿ ಮಾತ್ರ ಎದುರು ಪಕ್ಷದ ಮಾತಿಗೆ ತೂಕವಿದೆ. ಓಡಿಸಿದಷ್ಟೂ ಹೊಗೆ. ಮನೆಯಲ್ಲಿ ಮೂರು ಕಾರಿಟ್ಟುಕೊಂಡು ಸ್ಪೋರ್ಟ್ಸ್ ಕಾರನ್ನು ಸುಮ್ಮನೆ ಸುತ್ತಿಸುವುದನ್ನು ನಾನು ಸಮರ್ಥಿಸಲಾರೆ. ಗೋರ್ಡನ್ನರ ದಾರಿ ಅದಲ್ಲ: ಕೆಲಸಕ್ಕೂ ಪ್ರವಾಸಕ್ಕೂ ಒಂದೇ ಕಾರನ್ನು ಅರ್ಧ ಶತಮಾನ ಬಳಸಿದರು, ಆ ಅವಧಿಯಲ್ಲಿ ನಾಲ್ಕೈದು ಹೊಸ ಕಾರುಗಳ ಉಕ್ಕು, ಗಾಜು, ರಬ್ಬರು ಉಳಿಯಿತು. ಇಷ್ಟೆಲ್ಲ ಭಾಗ ಬದಲಾದ ಮೇಲೆ ಅದು ಅದೇ ಕಾರು ಹೇಗಾದೀತು ಎಂಬ ಪ್ರಶ್ನೆಗೆ ನಮ್ಮೂರುಗಳ ತೇರೇ ಉತ್ತರ ಹೇಳುತ್ತದೆ. ಗಾಲಿ ಬದಲಾಗುತ್ತದೆ, ಅಚ್ಚು ಬದಲಾಗುತ್ತದೆ, ಮಿಣಿ ಹಗ್ಗ ಬದಲಾಗುತ್ತದೆ; ಎಳೆಯುವುದು ಅದೇ ತೇರನ್ನು.

ಸ್ಪೋರ್ಟ್ಸ್ ಕಾರಿನ ದೀರ್ಘಾಯುಷ್ಯಕ್ಕೆ ನಿಜವಾದ ಕಂಟಕ ಈಗ ಬೇರೆ ಕಡೆಯಿಂದ ಬರುತ್ತಿದೆ. ವೋಲ್ವೊ 1800ರ ಕಾರ್ಬ್ಯುರೇಟರನ್ನು ಬಲ್ಲ ಮೆಕ್ಯಾನಿಕ್ ಬಿಚ್ಚಿ, ತೊಳೆದು, ಜೋಡಿಸಬಹುದಿತ್ತು. ಇಂದಿನ ಕಾರಿನ ಕಂಟ್ರೋಲ್ ಯೂನಿಟ್ಟನ್ನು ಬಿಚ್ಚಿ ಸರಿಮಾಡುವಂತಿಲ್ಲ, ಬದಲಿಸಬೇಕು. ಹೈಬ್ರಿಡ್ ಬ್ಯಾಟರಿಯ ಆಯುಸ್ಸು ಮುಗಿದಾಗ ಅದೇ ಅಳತೆಯದು ತಯಾರಾಗುತ್ತಿರಬೇಕು. ಇಪ್ಪತ್ತೈದನೇ ವರ್ಷದಲ್ಲಿ ಈ ಬಿಡಿಭಾಗ ಸಿಗದಿದ್ದರೆ ಎಂಥ ಕಾಳಜಿಯ ಮಾಲೀಕನೂ ಕೈಚೆಲ್ಲಬೇಕಾಗುತ್ತದೆ. ಹೋಂಡಾ 1993ರಿಂದಲೇ ಜಪಾನಿನಲ್ಲಿ ಎನ್‌ಎಸ್‌ಎಕ್ಸ್‌ಗಳನ್ನು ಕಾರ್ಖಾನೆಗೆ ತರಿಸಿಕೊಂಡು ಸವೆದದ್ದನ್ನು ಹೊಸದಾಗಿಸಿ ಕೊಡುವ ವ್ಯವಸ್ಥೆ ಮಾಡಿತು. ಮಾಜ್ದಾ 2017ರಲ್ಲಿ ಮೊದಲ ಎಂಎಕ್ಸ್-5ಗಳ ಪುನರುಜ್ಜೀವನದ ಯೋಜನೆ ಪ್ರಕಟಿಸಿ, ಮಡಚುವ ಚಾವಣಿ, ಸ್ಟಿಯರಿಂಗ್ ಚಕ್ರ, ಮೂಲದಂಥದೇ ಟೈರುಗಳನ್ನು ಮತ್ತೆ ತಯಾರಿಸಿತು. ಮಾಡಿದವರೇ ತಮ್ಮ ಕಾರು ಲಕ್ಷಗಟ್ಟಲೆ ಓಡಲಿ ಎಂದು ಬಯಸಿದರೆ ಏನು ಮಾಡಬಹುದೆಂಬುದಕ್ಕೆ ಇವು ಮಾದರಿ. ಹೊಸ ಸ್ಪೋರ್ಟ್ಸ್ ಕಾರು ಕೊಳ್ಳುವವರು ನೂರು ಕಿಲೋಮೀಟರ್ ವೇಗ ಎಷ್ಟು ಸೆಕೆಂಡಿಗೆ ಬರುತ್ತದೆಂದು ಷೋರೂಮಿನಲ್ಲಿ ಕೇಳುತ್ತಾರೆ. ಇದರ ಬಿಡಿಭಾಗ ಎಷ್ಟು ವರ್ಷ ಕೊಡುತ್ತೀರಿ, ಅದನ್ನು ಬರಹದಲ್ಲಿ ಕೊಡುತ್ತೀರಾ ಎಂದೂ ಕೇಳಬೇಕು.