ಬಾಣಂತಿ ಕೋಣೆಗೆ ಬಂದ ಸಮುದ್ರ

ತುಂಗಭದ್ರೆಯ ನೀರಿಗೆ ಭತ್ತ ಬೆಳೆಯುವ ಊರು ನಮ್ಮದು, ಕಂಪ್ಲಿ ಹತ್ತಿರದ ಎಮ್ಮಿಗನೂರು. ಗದ್ದೆ, ಕಾಲುವೆ, ಹೊಳೆ ನಮಗೆ ಹೊಸದಲ್ಲ. ಆದರೆ ಸಮುದ್ರ ನೋಡಿದ್ದು ನಮ್ಮ ಮನೆಯಲ್ಲಿ ನಾನೊಬ್ಬಳೇ. ಅದೂ ಆಫೀಸಿನವರ ಜೊತೆ ಗೋಕರ್ಣಕ್ಕೆ ಹೋದಾಗ.

ಏಳು ತಿಂಗಳಾದ ಮೇಲೆ ಬೆಂಗಳೂರಿನಿಂದ ತವರಿಗೆ ಬಂದೆ. ನಮ್ಮಲ್ಲಿ ಮಗುವಿಗೆ ಅಂತ ಬೇರೆ ಕೋಣೆ ಇರೋದಿಲ್ಲ, ಇರೋದು ಬಾಣಂತಿ ಕೋಣೆ. ಒಂದೇ ಕಿಟಕಿ, ಅದನ್ನೂ ಥಂಡಿ ಗಾಳಿ ಅಂತ ಮುಚ್ಚಿಡ್ತಾರೆ. ಮೂರು ತಿಂಗಳು ಅಲ್ಲೇ ಇರಬೇಕಲ್ಲ, ಒಂದು ಗೋಡೆ ಮೇಲೆ ಸಮುದ್ರ ಬರೆಸೋಣ ಅಂದೆ.

'ಬ್ಯಾಡವ್ವ. ಮೊದ್ಲು ಕೂಸು ಬರ್ಲಿ' ಅಂದಳು ಅಮ್ಮ.

ಯಾಕೆ ಅಂತ ನಾನು ಕೇಳಲಿಲ್ಲ. ಎರಡು ವರ್ಷದ ಹಿಂದೆ ಐದನೇ ತಿಂಗಳಲ್ಲಿ ಒಂದು ಕೂಸನ್ನು ಕಳೆದುಕೊಂಡಿದ್ದೆವು. ಅಷ್ಟರಲ್ಲಿ ಅಮ್ಮ ಹಳೆ ಸೀರೆಗಳಿಂದ ಒಂದು ಪುಟ್ಟ ಕೌದಿ ಹೊಲಿದಿದ್ದಳು. ಅದು ಟ್ರಂಕಿನ ತಳದಲ್ಲೇ ಉಳಿಯಿತು. ಈ ಸಲ ಕೂಸಿನ ಹೆಸರಲ್ಲಿ ಮನೆಗೆ ಒಂದು ಟೋಪಿಯೂ ಬಂದಿರಲಿಲ್ಲ. ಹೆದರಿಕೆ ನನಗೂ ಇತ್ತು. ಆದರೆ ಖಾಲಿ ಗೋಡೆ ನೋಡುತ್ತಾ ಎರಡು ತಿಂಗಳು ಕೂರೋದು ಅದಕ್ಕಿಂತ ಕಷ್ಟ ಅನ್ನಿಸಿತ್ತು.

ದಾರಿ ಹುಡುಕಿದ್ದು ಅಪ್ಪ. 'ಬಣ್ಣ ಕೂಸಿಗೆ ಬಳಿಯೋದಲ್ಲ, ಗ್ವಾಡಿಗೆ ಬಳಿಯೋದು. ಅದಕ್ಯಾರ ಅಪ್ಪಣಿ ಬೇಕು?'

ಕೆಲಸ ಮಾಡಿದ್ದು ತಮ್ಮ. ಹಳೆ ಸುಣ್ಣ ಕೆರೆದು, ಪುಟ್ಟಿ, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ನೀರಿನಲ್ಲಿ ಕಲಸುವ ಎಮಲ್ಷನ್ ಬಳಿದ. ನೀವೂ ಬಳಿಸುವವರಿದ್ದರೆ ಒಂದು ಮಾತು: 2017ರ ನವೆಂಬರ್‌ನಿಂದ ನಮ್ಮ ದೇಶದಲ್ಲಿ ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟುವಂತಿಲ್ಲ. ಡಬ್ಬದ ಮೇಲೆ ಅದು ಬರೆದಿದೆಯಾ ನೋಡಿ. ಹಳೆ ಆಯಿಲ್ ಪೇಂಟ್ ಇರುವ ಗೋಡೆ ಕೆರೆಯುವಾಗ ಬಸುರಿಯರು ಹತ್ತಿರ ಸುಳಿಯಬಾರದು, ಆ ದೂಳಿನಲ್ಲಿ ಸೀಸ ಇರಬಹುದು. ನಮ್ಮದು ಬರೀ ಸುಣ್ಣ. ಆದರೂ ಅಷ್ಟು ದಿನ ನಾನು ದೊಡ್ಡಮ್ಮನ ಮನೆಯಲ್ಲಿ ಮಲಗಿದೆ.

ನಾನು ಫೋನಿನಲ್ಲಿ ತೋರಿಸಿದ್ದು ತಿಮಿಂಗಿಲ, ಕಡಲಾಮೆ, ಹವಳ. ಅಪ್ಪ ಕನ್ನಡಕ ಏರಿಸಿ ನೋಡಿ, 'ನೀರುನಾಯಿ ಎಲ್ಲೈತಿ?' ಅಂದ.

'ಅದು ಸಮುದ್ರದಲ್ಲಿ ಇರಲ್ಲಪ್ಪ, ಹೊಳೇಲಿರುತ್ತೆ.'

'ನಮ್ಮ ಹೊಳಿ ನೀರು ಕಡೀಗೆ ಎಲ್ಲಿಗೆ ಹೋಗ್ತೈತಿ?'

ತುಂಗಭದ್ರೆ ಕೃಷ್ಣೆಗೆ ಸೇರುತ್ತೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆಂದೇ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ನಮ್ಮ ಮಗ್ಗುಲಲ್ಲೇ ಇರುವ ಪ್ರಾಣಿಯನ್ನು ಬಿಟ್ಟು ನಾನು ಇಂಟರ್‌ನೆಟ್ಟಿನ ಡಾಲ್ಫಿನ್ ಹುಡುಕುತ್ತಿದ್ದೆ! ಗೋಡೆಯ ಎಡ ಮೂಲೆಯಲ್ಲಿ ಬಂಡೆಗಳು, ಒಂದು ಹರಿಗೋಲು, ಎರಡು ನೀರುನಾಯಿ ಬಂದವು. ಅಲ್ಲಿಂದ ಹೊಳೆ ಅಗಲವಾಗುತ್ತಾ ಹೋಗಿ ಬಲಗಡೆ ಕಡಲಾಯಿತು.

ಹುಟ್ಟಿದ ಕೂಸಿಗೆ ಇದ್ಯಾವುದೂ ಕಾಣೋದಿಲ್ಲ ಬಿಡಿ. ಮೊದಮೊದಲು ಅದಕ್ಕೆ ಸ್ವಲ್ಪ ಸ್ಪಷ್ಟವಾಗಿ ಕಾಣೋದು 20-30 ಸೆಂ.ಮೀ. ದೂರದವರೆಗೆ ಮಾತ್ರ. ಅಂದ್ರೆ ಹಾಲು ಕುಡಿಸುವ ತಾಯಿಯ ಮುಖದವರೆಗೆ. ಇದು ಗೊತ್ತಿದ್ದೂ ಬರೆಸಿದೆ. ಕಾಯುವವರಿಗೂ ಕೈಗೊಂದು ಕೆಲಸ ಬೇಕಲ್ಲ.

ಅಷ್ಟು ದಿನ ಅಮ್ಮ ಆ ಕೋಣೆಗೆ ಕಾಲಿಡಲಿಲ್ಲ. ಬಾಗಿಲಲ್ಲೇ ಚಹಾ ಇಟ್ಟು ಹೋಗುತ್ತಿದ್ದಳು. ಕೊನೆಯ ದಿನ ಒಳಗೆ ಬಂದು ಸುಮ್ಮನೆ ನಿಂತಳು. ಆಮೇಲೆ ಕಪ್ಪು ಬಣ್ಣದಲ್ಲಿ ಬೆರಳದ್ದಿ ತಿಮಿಂಗಿಲದ ಕೆನ್ನೆಗೆ ಒಂದು ಬೊಟ್ಟು ಇಟ್ಟಳು.

'ದೃಷ್ಟಿ ಆಗ್ತೈತಿ' ಅಂದಳು, ಅಷ್ಟೇ. ಮಾರನೇ ದಿನ ಅಂಗಳದ ಹಗ್ಗದ ಮೇಲೆ ಆ ಪುಟ್ಟ ಕೌದಿ ಬಿಸಿಲಿಗೆ ಬಿದ್ದಿತ್ತು.

ಈಗ ಮಗಳಿಗೆ ಆರು ತಿಂಗಳು. ಕಡಲಾಮೆ, ಹವಳ ಯಾವುದೂ ಅವಳಿಗೆ ಬೇಡ. ನೋಡೋದು ಅಜ್ಜಿ ಇಟ್ಟ ಆ ಕಪ್ಪು ಬೊಟ್ಟನ್ನೇ. ಬರುವ ತಿಂಗಳು ಬೆಂಗಳೂರಿಗೆ ಹೊರಡುತ್ತೇವೆ. ಗೋಡೆ ಹೊತ್ತೊಯ್ಯಲು ಆಗೋದಿಲ್ಲ. ಕೌದಿಯನ್ನು ಅಮ್ಮ ಆಗಲೇ ಬ್ಯಾಗಿನಲ್ಲಿಟ್ಟಿದ್ದಾಳೆ.